ಓರಗಿತ್ತಿಯ ಕರೆಂಟ್ ಕುಲುಮೆ

ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆ. ಈ ಕಡೆ ಹಿರಿ ಸೊಸೆ, ಆ ಕಡೆ ಕಿರಿ ಸೊಸೆ. ಇಬ್ಬರದೂ ಒಂದೇ ಕಸುಬು, ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಎರೆಯುವುದು. ಹಿರಿಯಳು ಅಡುಗೆಮನೆಯ ಗ್ಯಾಸ್ ಒಲೆಯ ಮೇಲೆಯೇ ಹಳೇ ಪಾತ್ರೆಯಿಟ್ಟು ಸೀಸ ಕರಗಿಸುತ್ತಿದ್ದಳು. ಪಕ್ಕದ ಉರಿಯಲ್ಲಿ ಮಗಳ ಹಾಲು ಕಾಯುತ್ತಿತ್ತು.

ಒಂದು ಬೆಳಿಗ್ಗೆ ಕಿಟಕಿಯಿಂದ ಇಣುಕಿದರೆ, ಓರಗಿತ್ತಿಯ ಹಿತ್ತಲಲ್ಲಿ ಸೀಸ ಕರಗಿಸುವ ಕರೆಂಟ್ ಕುಲುಮೆ, ಶಾಖ ಏರಿಸಿ ಇಳಿಸಲು ತಿರುಗಿಸುವ ಗುಂಡಿ ಇರುವಂಥದ್ದು. ಹಿರಿಯಳ ಹೊಟ್ಟೆಗೆ ಬೆಂಕಿ ಬಿತ್ತು. ತನ್ನ ನಂತರ ಈ ಮನೆಗೆ ಬಂದವಳಿಗೆ ಕುಲುಮೆ, ತನಗೆ ಮಸಿ ಹಿಡಿದ ಪಾತ್ರೆಯೇ ಎಂದು ಗಂಡನ ತಲೆ ತಿಂದಳು. ಕೆಲಸ ಕೊಡುವ ಬಲೆ ಸಾಹುಕಾರನ ಬಾಗಿಲಲ್ಲಿ ಮೂರು ದಿನ ಕೂತು, ಜಗಳಾಡಿ, ಅಂಥದ್ದೇ ಒಂದನ್ನು ತಂದೇಬಿಟ್ಟಳು.

ತಂದದ್ದನ್ನು ಇಟ್ಟದ್ದು ಅಡುಗೆ ಕಟ್ಟೆಯ ಮೇಲೆ. ಓರಗಿತ್ತಿಯನ್ನು ಮೀರಿಸಬೇಕಲ್ಲ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ಸಂಜೆಗೆ ಎರಡು ಬುಟ್ಟಿ ಗುಂಡು ಹೆಚ್ಚಾಯಿತು. ಆಚೆಯವಳಿಗೆ ಕೇಳಲೆಂದೇ ಗೋಡೆಯ ಪಕ್ಕ ನಿಂತು ಬುಟ್ಟಿ ಕುಲುಕಿದಳು.

ಕೆಲವು ವಾರಗಳಲ್ಲಿ ಮಗಳು ಹೊಟ್ಟೆನೋವು ಎನ್ನತೊಡಗಿದಳು. ಬಾಯಿಪಾಠ ಬರುತ್ತಿದ್ದ ಮಗ್ಗಿ ಮರೆಯುತ್ತಿದ್ದಳು. ಶಾಲೆಗೆ ಚಕ್ಕರ್ ಹೊಡೆಯುವ ನಾಟಕ ಎಂದು ತಾಯಿ ಗದರಿದಳು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ಬೀದಿಯ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಳು. ಫಲಿತಾಂಶದ ಚೀಟಿ ಹಿಡಿದು ಬಂದವಳು, ಮಗುವಿನ ರಕ್ತದಲ್ಲಿ ಸೀಸ ಬಹಳ ಇದೆ, ನಾಳೆಯೇ ಡಾಕ್ಟರಿಗೆ ತೋರಿಸಬೇಕು ಎಂದಳು.

ಹಿರಿಯಳ ಬಾಯಿಂದ ಮೊದಲು ಬಂದ ಮಾತು: "ಆಚೆ ಮನೆಯವಳ ಮಗಂದು ಎಷ್ಟು?"

"ಅದನ್ನ ನಾನು ಹೇಳೋ ಹಾಗಿಲ್ಲ," ಅಂದಳು ನರ್ಸಮ್ಮ.

"ನಾನೇ ಹೇಳ್ತೀನಿ." ಕಿರಿಯಳು ಬಾಗಿಲಲ್ಲಿ ನಿಂತಿದ್ದಳು. "ಹೋದ ವರ್ಷ ಅವನಿಗೂ ಹೀಗೇ ಆಗಿತ್ತು ಅಕ್ಕ. ಅದಕ್ಕೇ ಹಿತ್ತಲಲ್ಲಿ ಚಪ್ಪರ ಹಾಕಿ ಕುಲುಮೆ ಅಲ್ಲಿಟ್ಟದ್ದು."

"ನನಗ್ಯಾಕೆ ಹೇಳಲಿಲ್ಲ?"

"ನಿನ್ನ ಮಗಳು ಕ್ಲಾಸಿಗೇ ಮೊದಲು. ಸೀಸ ಸೇರಿ ನನ್ನ ಮಗನ ತಲೆಗೆ ಅಕ್ಷರ ಹತ್ತಲ್ಲ ಅಂದ್ರೆ ನೀನು ನಗ್ತೀಯ ಅಂದ್ಕೊಂಡೆ. ನನಗೂ ಹೊಟ್ಟೆಕಿಚ್ಚಿತ್ತು."

ಹಿರಿಯಳು ಮಗಳನ್ನು ತೊಡೆಗೆಳೆದುಕೊಂಡಳು. ಆಮೇಲೆ, ಇಬ್ಬರ ಕುಲುಮೆಯೂ ಒಂದೇ ಥರದ್ದಲ್ಲವೇ, ನಾನು ಮಾಡಿದ ತಪ್ಪಾದರೂ ಏನು ಎಂದು ಕೇಳಿದಳು.

ನರ್ಸಮ್ಮ ಬಿಡಿಸಿ ಹೇಳಿದಳು. ಒಲೆಯ ಬೆಂಕಿಗೆ ಅಳತೆಯಿಲ್ಲ, ಕುಲುಮೆಗೆ ಇದೆ. ಆದರೆ ಗುಂಡಿ ಪೂರ್ತಿ ತಿರುಗಿಸಿದರೆ ಆ ಅಳತೆಯೂ ವ್ಯರ್ಥ. ಶಾಖ ಏರಿದಷ್ಟೂ ವಿಷದ ಹೊಗೆ ಹೆಚ್ಚು. ಆ ಹೊಗೆ ಕಣ್ಣಿಗೆ ಕಾಣದ ಧೂಳಾಗಿ ಹಾಲಿನ ಮೇಲೂ ಕೂರುತ್ತದೆ, ಸೆರಗಿನ ಮೇಲೂ.

"ನೀನು ಕಿಟಕಿಯಿಂದ ಕುಲುಮೆ ನೋಡಿದೆ," ಅಂದಳು ಕಿರಿಯಳು. "ಗೋಡೆಯಿಲ್ಲದ ಚಪ್ಪರ ನೋಡಲಿಲ್ಲ. ನಾನು ಸ್ನಾನ ಮಾಡಿದ ಮೇಲೇ ಮಗನನ್ನ ಮುಟ್ಟೋದೂ ನೋಡಲಿಲ್ಲ."

ಮರುದಿನ ಮಗು ಆಸ್ಪತ್ರೆಗೆ ಹೋಯಿತು, ಕುಲುಮೆ ಓರಗಿತ್ತಿಯ ಚಪ್ಪರಕ್ಕೆ. ಅದರ ಮರುದಿನ ಓರಗಿತ್ತಿಯರಿಬ್ಬರೂ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಸಾಹುಕಾರನ ಅಂಗಡಿಗೆ ನಡೆದರು. ಮನೆಗಳಿಂದ ದೂರ ಒಂದು ಶೆಡ್ಡು, ಎಲ್ಲರಿಗೂ ಕುಲುಮೆ, ಮುಖಕ್ಕೆ ಸರಿಯಾದ ಮಾಸ್ಕು ಕೊಡುವವರೆಗೆ ಒಂದು ಗುಂಡೂ ಎರೆಯುವುದಿಲ್ಲ ಎಂದು ಖಾಲಿ ಬುಟ್ಟಿಗಳನ್ನು ಅವನ ಮೆಟ್ಟಿಲ ಮೇಲೆ ಕವುಚಿ ಬಂದರು.

ಸೀಸ ಮುಟ್ಟುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಯಲ್ಲಿ ಸೀಸ ಕರಗಿಸದಿರುವುದೇ ಎಲ್ಲಕ್ಕಿಂತ ಕ್ಷೇಮ. ಬೇರೆ ದಾರಿಯೇ ಇಲ್ಲದಿದ್ದರೆ ಅಡುಗೆ ಒಲೆ ಬೇಡ, ಸೌದೆ ಬೇಡ. ಶಾಖ ಅಳೆಯುವ ಕರೆಂಟ್ ಕುಲುಮೆಯನ್ನು ಬಯಲಿನಲ್ಲಿಡಿ, ಸೀಸ ಕರಗುವಷ್ಟಕ್ಕೇ ಗುಂಡಿ ತಿರುಗಿಸಿ. ಒದ್ದೆ ಸೀಸ ಹಾಕಬೇಡಿ, ಹನಿ ನೀರಿದ್ದರೂ ಕಾದ ಸೀಸ ಸಿಡಿದು ಮುಖಕ್ಕೆ ಬೀಳುತ್ತದೆ. ಮಕ್ಕಳು, ಬಸುರಿಯರು ಹತ್ತಿರ ಸುಳಿಯದಿರಲಿ. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ಬಂದ ಫಲಿತಾಂಶವನ್ನು ಪಕ್ಕದ ಮನೆಗೆ ಮುಚ್ಚಿಡಬೇಡಿ. ಹೊಟ್ಟೆಕಿಚ್ಚು ಪಡಲೇಬೇಕೆಂದರೆ ಸಾಹುಕಾರನ ಮನೆಯ ಮೇಲೆ ಪಡಿ. ಅವನ ಅಡುಗೆಮನೆಯಲ್ಲಿ ಯಾರೂ ಸೀಸ ಕರಗಿಸುವುದಿಲ್ಲ.