ಇಪ್ಪತ್ತೇಳನೆಯ ಚೀಟಿ

ನಮ್ಮ ಮುಸ್ಲಿಂ ವಿದ್ಯಾರ್ಥಿ ಸಂಘಕ್ಕೆ ಐವತ್ತು ತುಂಬುತ್ತಿತ್ತು. ಅದರ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಈ ವರ್ಷದ ಕಾರ್ಯದರ್ಶಿ ನಾನು ಎಂಬುದು ನೆಪ. ಎಲ್ಲದರಲ್ಲೂ ಮೂಗು ತೂರಿಸುವವಳು ಎಂಬುದು ನಿಜವಾದ ಕಾರಣ.

ಮೊದಲ ಒಂಬತ್ತು ವರ್ಷದ ಕತೆ ಸಲೀಸಾಗಿ ಬಂತು. ಹಾಸ್ಟೆಲಿನಲ್ಲಿ ಜಾಗ ಸಿಗದ ಏಳು ಹುಡುಗರು ಸೇರಿ ಸಂಘ ಕಟ್ಟಿದ್ದು, ಶುಕ್ರವಾರದ ಪರೀಕ್ಷೆಗಳಲ್ಲಿ ನಮಾಜಿಗೆ ಒಂದು ಗಂಟೆ ಬಿಡುವು ಬೇಕೆಂದು ಕಾಲೇಜಿನ ಗೇಟಿನ ಮುಂದೆ ಕೂತು ಗೆದ್ದಿದ್ದು, ಅದೇ ಹುಮ್ಮಸ್ಸಿನಲ್ಲಿ ಚುನಾವಣೆಗೆ ನಿಂತು ಮಣ್ಣು ಮುಕ್ಕಿದ್ದು, ಎಲ್ಲ ಬರೆದೆ. ಹತ್ತನೆಯ ವರ್ಷಕ್ಕೆ ಬಂದಾಗ ಪೆನ್ನು ನಿಂತಿತು. ಆ ವರ್ಷ ಸಂಘ ಒಡೆದು ಎರಡಾಗಿತ್ತು. ಒಡೆದ ಅಪವಾದ ನನ್ನ ದೊಡ್ಡಪ್ಪನ ಮೇಲಿತ್ತು.

ದೊಡ್ಡಪ್ಪ ಪುಸ್ತಕಕ್ಕೆ ರಟ್ಟು ಹಾಕುವವರು. ಆಗ ಅವರೇ ಕಾರ್ಯದರ್ಶಿ. ಸಂಘ ಊರ ಹಿರಿಯರ ರಾಜಕೀಯ ಪಕ್ಷದ ಬಾಲವಾಗಿಯೇ ಇರಬೇಕೋ, ಸ್ವಂತ ಕಾಲ ಮೇಲೆ ನಿಲ್ಲಬೇಕೋ ಎಂದು ಚೀಟಿ ಹಾಕಿಸಿದರು. ದೊಡ್ಡಪ್ಪನ ಆಸೆಯಂತೆ ಸ್ವತಂತ್ರ ಎಂದವು ಹದಿನಾಲ್ಕು. ಪಕ್ಷದ ಜೊತೆ ಎಂದವು ಹದಿಮೂರು. ನಡಾವಳಿ ಪುಸ್ತಕದಲ್ಲಿ ಮಾತ್ರ ಅವರದೇ ಕೈಬರಹದಲ್ಲಿ 'ಹಾಜರು: ಇಪ್ಪತ್ತಾರು' ಎಂದಿತ್ತು.

ಇಪ್ಪತ್ತಾರು ಜನ ಇಪ್ಪತ್ತೇಳು ಚೀಟಿ ಹಾಕುವುದು ಹೇಗೆ? ಒಂದನ್ನು ತೆಗೆದರೆ ಸಮಸಮ, ಸಮಸಮವಾದರೆ ಠರಾವು ಬಿದ್ದಂತೆ. ದೊಡ್ಡಪ್ಪನ ಜೀವದ ಗೆಳೆಯ, ಈಗಿನ ವಾಚ್ ರಿಪೇರಿಯವರು, ಆಗ ಪಕ್ಷದ ಕಡೆಯವರು, ಅಲ್ಲೇ ಎದ್ದು ನಿಂತು "ಇದು ಕಳ್ಳ ಚೀಟಿ" ಎಂದರು. ತಮ್ಮ ಕಡೆಯವರನ್ನು ಕರೆದುಕೊಂಡು ಹೋಗಿ ಬೇರೆ ಸಂಘ ಕಟ್ಟಿದರು. ಎದುರುಬದುರು ಅಂಗಡಿ, ನಲವತ್ತು ವರ್ಷ ಮಾತಿಲ್ಲ. ದೊಡ್ಡಪ್ಪನಿಗೆ 'ಚೀಟಿ ಕಳ್ಳ' ಎಂಬ ಬಿರುದು ಅಂಟಿಕೊಂಡಿತು.

ಈಗ ಎರಡೂ ಸಂಘ ಸೇರಿ ಐವತ್ತರ ಪುಸ್ತಕ ತರುತ್ತಿದ್ದವು. ವಾಚಿನವರು ಸಮಿತಿಯಲ್ಲಿ ಪಟ್ಟು ಹಿಡಿದಿದ್ದರು: 'ಮತದಾನದಲ್ಲಿ ಮೋಸ ನಡೆಯಿತು' ಎಂಬ ಸಾಲು ಬರಲೇಬೇಕು. ಅಚ್ಚಿಗೆ ಹೋಗಲು ಎರಡು ದಿನ ಉಳಿದಿತ್ತು. ಬೇರೆ ವಿವರಣೆ ನಾನು ಹುಡುಕದಿದ್ದರೆ ದೊಡ್ಡಪ್ಪ ಅಚ್ಚಿನಲ್ಲೂ ಕಳ್ಳರಾಗುತ್ತಿದ್ದರು.

ಮಧ್ಯಾಹ್ನ ಕ್ಲಾಸು ಮುಗಿಸಿ ನಡಾವಳಿ ಪುಸ್ತಕ ಹಿಡಿದು ದೊಡ್ಡಪ್ಪನ ಮನೆಗೆ ಹೋದೆ. ಸಭೆ ನಡೆದದ್ದು ಅಲ್ಲಿನ ಮುಂದಿನ ಕೋಣೆಯಲ್ಲೇ. ದೊಡ್ಡಪ್ಪ ನೆಲದ ಮೇಲೆ ಕೂತು ಯಾರದೋ ನಿಘಂಟಿನ ಬೆನ್ನಿಗೆ ಗೋಂದು ಹಚ್ಚುತ್ತಿದ್ದರು.

"ದೊಡ್ಡಪ್ಪ, ಹಾಜರಿ ಹೇಗೆ ಎಣಿಸ್ತಿದ್ರಿ? ತಲೆ ಎಣಿಸ್ತಿದ್ರಾ?"

"ತಲೆ ಎಲ್ಲಿ ನಿಲ್ತಿತ್ತು? ಒಬ್ಬ ಎದ್ದರೆ ಇನ್ನೊಬ್ಬ ಕೂರ್ತಿದ್ದ. ಚಾಪೆ ಮೇಲೆ ನಮಾಜು ಮಾಡಿ ಅಲ್ಲೇ ಸಭೆ. ಚಪ್ಪಲಿ ಎಲ್ಲಾ ಬಾಗಿಲಾಚೆ. ಹೊರಗೆ ಹೋಗಿ ಜೋಡಿ ಎಣಿಸಿ ಬರೀತಿದ್ದೆ."

ಸಂಘದ ಹಾಜರಿಯನ್ನು ಚಪ್ಪಲಿಗಳೇ ಹೇಳಿದ್ದವು! ನನಗೆ ನಗು ತಡೆಯಲಿಲ್ಲ.

"ನಿಮ್ಮ ಚಪ್ಪಲಿ ಅಲ್ಲಿ ಇರ್ತಿರಲಿಲ್ವಲ್ಲ? ನೀವು ಮನೆಯವರು."

"ಇಪ್ಪತ್ತೈದು ಜೋಡಿ, ನಾನೊಬ್ಬ. ಅಷ್ಟೂ ಗೊತ್ತಾಗದ ದಡ್ಡನೇನೇ ನಾನು?"

ಹಾಗಾದರೆ ಮನೆಯೊಳಗಿಂದ ಬರಿಗಾಲಲ್ಲಿ ಬಂದವರು ಇನ್ನೊಬ್ಬರಿದ್ದರೆ? ನಾನು ಒಳಬಾಗಿಲ ಕಡೆ ನೋಡಿದೆ. ಆಮೇಲೆ ನಡಾವಳಿ ಪುಸ್ತಕದ ಕೊನೆಯಲ್ಲಿದ್ದ ಆ ವರ್ಷದ ಸದಸ್ಯರ ಪಟ್ಟಿ ತೆರೆದೆ. ಮೂವತ್ತೊಂದನೆಯ ಹೆಸರು ಅತ್ತೆಯದು, ದೊಡ್ಡಪ್ಪನ ತಂಗಿ. ಆಗ ಕಾಲೇಜಿನ ಎರಡನೇ ವರ್ಷ. ಗಂಡ ತೀರಿದ ಮೇಲೆ ಈ ಮನೆಗೇ ಮರಳಿದ್ದಳು.

"ಅತ್ತೇ, ಆ ದಿನ ನೀನು ಸಭೇಲಿ ಇದ್ದೆಯಾ?"

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದಳು. ನಡಾವಳಿ ಪುಸ್ತಕ ನೋಡಿ ಬಾಗಿಲಲ್ಲೇ ನಿಂತಳು.

"ಇದ್ದೆ. ಚಹಾ ಕೊಟ್ಟು ಹಿಂದೆ ಕೂತೆ. ಚಹಾ ತಂದವಳು ಅಂತ ಯಾರೂ ತಿರುಗಿ ನೋಡಲಿಲ್ಲ. ಚೀಟಿ ಬಂತು, ಬರೆದು ಹಾಕಿದೆ. ಸದಸ್ಯೆ ಅಲ್ವಾ?"

ದೊಡ್ಡಪ್ಪ ಗೋಂದಿನ ಕೈಯಲ್ಲೇ ಎದ್ದರು. ಮುಖ ಅರಳಿತ್ತು. "ಅಂದ್ರೆ ಹದಿನಾಲ್ಕನೇದು ನಿಂದು! ಅಯ್ಯೋ ಹುಚ್ಚಿ, ಒಂದು ಮಾತು ಹೇಳೋದಲ್ವಾ? ಈಗಲೇ ಹೋಗಿ ಆ ವಾಚಿನವನ ಬಾಯಿ ಮುಚ್ಚಿಸ್ತೀನಿ."

"ನಿನ್ನ ಕಡೆಗೆ ಹಾಕಲಿಲ್ಲ ಅಣ್ಣ," ಎಂದಳು ಅತ್ತೆ. "ಜೊತೆಗಿದ್ರೆ ಹುಡುಗಿಯರಿಗೂ ಹಾಸ್ಟೆಲ್ ಕಟ್ಟಿಸ್ತೀವಿ ಅಂತ ಪಕ್ಷದವರು ಹೇಳಿದ್ರು. ನನಗೆ ಅದು ಬೇಕಿತ್ತು."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಅತ್ತೆಯ ಚೀಟಿ ತೆಗೆದರೆ ಹದಿನಾಲ್ಕಕ್ಕೆ ಹನ್ನೆರಡು. ದೊಡ್ಡಪ್ಪ ನೆಟ್ಟಗೇ ಗೆದ್ದಿದ್ದರು. ಕದ್ದರೆಂದು ಊರೆಲ್ಲ ಆಡಿಕೊಂಡ ಚೀಟಿ ಬಿದ್ದದ್ದು ವಾಚಿನವರ ಪಾಲಿಗೆ! ನಾನು ಗಟ್ಟಿಯಾಗಿ ನಕ್ಕೆ. ಅವರಿಬ್ಬರೂ ನಗಲಿಲ್ಲ.

"ನಲವತ್ತು ವರ್ಷ," ಎಂದರು ದೊಡ್ಡಪ್ಪ. "ಎಲ್ಲರೂ ನನ್ನ ಕಳ್ಳ ಅಂದ್ರು. ನೀನು ಕೇಳ್ತಾ ಇದ್ದೆ."

"ಅವತ್ತು ಊಟಕ್ಕೆ ಕೂತಾಗ ನೀನು ಏನಂದೆ? ಆ ಹದಿಮೂರು ಜನರಲ್ಲಿ ಯಾರಾದ್ರೂ ಈ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ ಅಂದೆ. ನಾನು ಹೊಸ್ತಿಲ ಒಳಗೇ ಇದ್ದೆನಲ್ಲ, ಎಲ್ಲಿಗೆ ಹೋಗ್ಲಿ?" ಅತ್ತೆ ಬಾಗಿಲು ಬಿಟ್ಟು ಅಣ್ಣನ ಹತ್ತಿರ ಬಂದಳು. "ಆಮೇಲೆ ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ದಿನ ಕಳೆದಷ್ಟೂ ಬಾಯಿ ಕಟ್ಟಿತು. ನನ್ನದು ತಪ್ಪೇ."

ದೊಡ್ಡಪ್ಪ ಕೂತರು. ಗೋಂದು ಬೆರಳಲ್ಲೇ ಒಣಗುತ್ತಿತ್ತು. ಇಷ್ಟು ಕಾಲ ಕಾದ ಮಾತು ಸಿಕ್ಕಿದ ಮನುಷ್ಯ ಹೀಗೆ ಕುಗ್ಗಿದ್ದನ್ನು ಕಂಡು ನನಗೆ ಸಂಕಟವಾಯಿತು. ಕೆದಕಬಾರದಿತ್ತೇನೋ ಅನ್ನಿಸಿತು.

"ಬರ್ಕೋ," ಎಂದರು ಕೊನೆಗೆ.

ಬರೆದೆ. ಇಪ್ಪತ್ತೇಳನೆಯ ಚೀಟಿ ಕಾರ್ಯದರ್ಶಿಯ ತಂಗಿಯದು, ಆಕೆ ಸದಸ್ಯೆ, ಮತ ಹಾಕಿದ್ದು ಎದುರಿನವರಿಗೆ. 'ಕಾರಣಾಂತರಗಳಿಂದ ಆಕೆ ಈ ವಿಷಯವನ್ನು ಹೇಳಲಿಲ್ಲ' ಎಂದು ಮುಗಿಸಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಓದಿದರು.

"ಕಾರಣಾಂತರ ಅಂದ್ರೇನು? ಹೊಡೆದು ಹಾಕು. ಅಣ್ಣನಿಗೆ ಹೆದರಿ ಹೇಳಲಿಲ್ಲ ಅಂತ ಬರಿ."

"ಬೇಡ ಅಣ್ಣ, ಊರೆಲ್ಲ ಓದುತ್ತೆ," ಎಂದಳು ಅತ್ತೆ.

"ಓದಲಿ. ನಾನು ಕಳ್ಳ ಅಲ್ಲ ಅಂತ ಗೊತ್ತಾಗ್ಬೇಕಲ್ವಾ? ಎಂಥವನು ಅನ್ನೋದೂ ಗೊತ್ತಾಗಲಿ."

ನಾನು ಆ ಪದವನ್ನು ಹೊಡೆದು ಹಾಕಿ ಅವರು ಹೇಳಿದಂತೆ ಬರೆದೆ. ಅವರು ಇನ್ನೊಮ್ಮೆ ಓದಿ, ಸರಿ ಎಂದರು.