ಕೊಲ್ಲಿಯ ನಡುವೆ ಹಡಗಿನ ದಾರಿ

ಆ ವರ್ಷ ನವೆಂಬರಿನಲ್ಲಿ ಮಳೆ ಬಂತು. ಹಿಮ ಬೀಳಬೇಕಾದ ಹೊತ್ತಿನಲ್ಲಿ ಗುಡಾರದ ತೊಗಲಿನ ಮೇಲೆ ನೀರು ತಟತಟನೆ ಬಿದ್ದಾಗ ನನ್ನ ಗಂಡ ಇಲ್ಕೊ ಎದ್ದು ಕೂತು ಕಿವಿಗೊಟ್ಟ. ಬೆಳಗಾಗುವಷ್ಟರಲ್ಲಿ ಚಳಿ ಮರಳಿ, ನೆಲದ ಹಿಮವೆಲ್ಲ ಗಾಜಿನಂತೆ ಗಟ್ಟಿಯಾಯಿತು. ನಮ್ಮ ಸಾರಂಗಗಳು ಗೊರಸಿನಿಂದ ಕೆರೆದವು, ಮೂತಿಯಿಂದ ಒತ್ತಿದವು. ಅಡಿಯಲ್ಲಿದ್ದ ಬಿಳಿ ಪಾಚಿ ಕಣ್ಣಿಗೆ ಕಾಣುತ್ತಿತ್ತು, ಬಾಯಿಗೆ ಸಿಗುತ್ತಿರಲಿಲ್ಲ. ಸ್ವಲ್ಪ ದಿನದಲ್ಲೇ ಮಂದೆ ಮೇಯುವ ಕಡೆಯೆಲ್ಲ ಮಂಜುಗಡ್ಡೆಯ ಮೇಲೆ ಒಡೆದ ಮೂತಿಗಳ ರಕ್ತದ ಕಲೆಗಳು ಕಾಣತೊಡಗಿದವು.

ನಮ್ಮದು ಎರಡೇ ಗುಡಾರ. ಒಂದು ನಮ್ಮದು, ಇನ್ನೊಂದು ಇಲ್ಕೊನ ಅಣ್ಣನದು. ಗಂಡನ ಹೆಸರನ್ನಾಗಲಿ ಭಾವನ ಹೆಸರನ್ನಾಗಲಿ ನಮ್ಮ ನೆನೆತ್ಸ್ ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಹೆಸರಿಲ್ಲದೆ ಕಥೆ ಸಾಗುವುದಿಲ್ಲವಾದ್ದರಿಂದ ಹೇಳುತ್ತೇನೆ: ಭಾವನ ಹೆಸರು ಯಾಬ್ಕೊ. ಮಂದೆ ಯಾವಾಗ ಹೊರಡಬೇಕು, ಎಲ್ಲಿ ತಂಗಬೇಕು ಎಂಬುದೆಲ್ಲ ಅವನದೇ ತೀರ್ಮಾನ. ಅವನ ಹೆಂಡತಿ ಸವಾನೆ ನನಗೆ ವಾರಗಿತ್ತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ಏದೇನೆ ಎಂದು ಹೆಸರು ಹಿಡಿದು ಕರೆಯುತ್ತಿದ್ದಳು.

ಚಳಿಗಾಲಕ್ಕೆ ನಾವು ಉತ್ತರದ ಹಿಮಸಮುದ್ರದಿಂದ ಒಳಚಾಚಿದ ಓಬ್ ಕೊಲ್ಲಿಯನ್ನು ದಾಟಿ ಪೂರ್ವದ ದಡಕ್ಕೆ ಹೋಗುವವರು. ಅಲ್ಲಿ ಕಾಡಿನಂಚಿದೆ, ಮೇವಿದೆ, ಸೌದೆಯಿದೆ. ಹಿಂದೆಲ್ಲ ಕೊಲ್ಲಿ ಹೆಪ್ಪುಗಟ್ಟಿದರೆ ಅದೇ ನಮ್ಮ ರಸ್ತೆ. ಗ್ಯಾಸಿನ ಬಂದರು ಬಂದ ಮೇಲೆ ಹಾಗಿಲ್ಲ. ಹಿಮ ಒಡೆಯುವ ದೊಡ್ಡ ಹಡಗುಗಳು ಚಳಿಗಾಲವಿಡೀ ಓಡಾಡಿ ಕೊಲ್ಲಿಯ ನಡುವೆ ಉದ್ದಕ್ಕೂ ಒಂದು ದಾರಿ ಸೀಳಿಟ್ಟಿರುತ್ತವೆ. ಒಂದು ಹಡಗು ಹೋಗಿ ಇನ್ನೊಂದು ಬರುವುದರೊಳಗೆ ಆ ಸೀಳು ಮತ್ತೆ ಹೆಪ್ಪುಗಟ್ಟಬೇಕು, ಆಗ ನಾವು ದಾಟಬೇಕು.

ಭಾವನ ಮಗಳು ಖದ್ನೆ ಬಂದರಿನ ಕಚೇರಿಯಲ್ಲಿ ವೈರ್‌ಲೆಸ್ ಮುಂದೆ ಕೂರುತ್ತಿದ್ದಳು. ಮಳೆಯಾದ ಸುದ್ದಿ ಕೇಳಿ ಅವಳು ಹಿಮದ ಮೋಟಾರು ಬಂಡಿ ಏರಿ, ಬ್ರೆಡ್ಡು, ಚಹಾಪುಡಿ ಹೇರಿಕೊಂಡು ಬಂದಳು.

"ಗೋಡೆಯೊಳಗಿಂದ ಬಿಸಿನೀರು ಬರೋ ಊರು ಬಿಟ್ಟು ಇಲ್ಲಿಗ್ಯಾಕೆ ಬಂದ್ಯೇ?" ಎಂದು ಭಾವ ಕೆಣಕಿದ.

"ನೀನು ಇನ್ನೂ ಮೈ ತೊಳ್ಕೊಂಡಿದೀಯೋ ಇಲ್ವೋ ನೋಡೋಕೆ."

ಭಾವ ನಕ್ಕ. ಆ ವಾರದಲ್ಲಿ ಅವನು ನಕ್ಕದ್ದು ಅದೊಂದೇ ಸಲ. "ಈಗ ಎಷ್ಟು ಜನ ಆಗಿದಾರೆ ನಿಮ್ಮೂರಲ್ಲಿ?"

"ಈ ಬಯಲಲ್ಲಿರೋ ನೆನೆತ್ಸ್ ಜನ ಎಲ್ಲಾ ಒಟ್ಟಿಗೆ ನಿಂತರೂ ಅವರ ಅರ್ಧ ಆಗಲ್ಲಪ್ಪ. ಒಂದು ತಿಂಗಳು ದುಡೀತಾರೆ, ವಿಮಾನ ಹತ್ತಿ ಹೋಗ್ತಾರೆ, ಅವರ ಹಾಸಿಗೇಲಿ ಬೇರೆಯವರು ಬಂದು ಮಲಗ್ತಾರೆ. ಹೆಚ್ಚಾಗಿ ಗಂಡಸ್ರೇ."

"ಮಕ್ಕಳು?" ಎಂದಳು ಅಕ್ಕ.

"ಇಲ್ಲಮ್ಮ. ಅಲ್ಲಿ ಇದುವರೆಗೆ ಒಂದು ಮಗೂನೂ ಹುಟ್ಟಿಲ್ಲ. ಮಸಣಾನೂ ಇಲ್ಲ. ಸತ್ತರೆ ಪೆಟ್ಟಿಗೇಲಿಟ್ಟು ಅವರವರ ಊರಿಗೆ ಕಳಿಸ್ತಾರೆ."

ಅಕ್ಕ ಚಹಾ ಬಗ್ಗಿಸುತ್ತಿದ್ದ ಕೈಯನ್ನು ತಡೆದಳು. "ಅದೆಂಥ ಊರೇ ಅದು," ಎಂದವಳು ಕೆಡುಕು ತಾಗದಿರಲೆಂದು ಒಂದು ಚೂರು ಕೊಬ್ಬನ್ನು ಬೆಂಕಿಗೆ ಹಾಕಿದಳು.

ಮುಂದಿನ ಹಡಗು ನಾಳೆ ರಾತ್ರಿ ಬರುತ್ತದೆ, ಅಲ್ಲಿಯವರೆಗೆ ದಾರಿ ಖಾಲಿ ಎಂದು ಖದ್ನೆ ಹೇಳಿದಳು. ಇಲ್ಕೊಗೆ ಮನಸ್ಸಿರಲಿಲ್ಲ.

"ಅಣ್ಣ, ಸೀಳಿನ ಮಂಜು ಇನ್ನೂ ಗಟ್ಟಿಯಾಗಿಲ್ಲ. ಸ್ವಲ್ಪ ತಡೀಬಾರ್ದಾ?"

"ನಾವು ತಡೀಬಹುದು. ಮಂದೆ ಎಲ್ಲಿ ತಡೆಯುತ್ತೋ? ಇವತ್ತು ಬೆಳಿಗ್ಗೆ ಎರಡು ಮರಿ ಏಳಲೇ ಇಲ್ಲ."

ಅಲ್ಲಿಗೆ ಮಾತು ಮುಗಿಯಿತು.

ಸೂರ್ಯ ಕಾಣೆಯಾಗಿದ್ದ ಕಾಲ. ನಡುಹಗಲಿನಲ್ಲಿ ದಕ್ಷಿಣದ ಅಂಚು ಒಂದಿಷ್ಟು ಕೆಂಪಾಗುತ್ತಿತ್ತು, ಅಷ್ಟೆ. ಮಾರನೆಯ ದಿನ ಆ ಕೆಂಪಿನಲ್ಲಿ ನಾವು ಸೀಳಿನ ಬಳಿ ತಲುಪಿದೆವು. ಒಡೆದ ಮಂಜಿನ ಹಲಗೆಗಳು ಒಂದರ ಮೇಲೊಂದು ಏರಿ, ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿದ್ದವು. ಭಾವ ಕೋಲಿನಿಂದ ಕುಟ್ಟುತ್ತ ಆಚೆ ಹೋಗಿ, ಮರಳಿ ಬಂದು, ಮುಂದಿನ ಅರ್ಧ ಮಂದೆಯನ್ನು ಕಟ್ಟಿಕೊಂಡು ಹೊರಟ. ಅವನೊಂದಿಗೆ ಒಂದು ಹಗುರವಾದ ಜಾರುಬಂಡಿ, ಒಂದು ನಾಯಿ. ಗುಡಾರದ ಗಳಗಳು, ತೊಗಲು, ಒಲೆ, ಹಿಟ್ಟು ಎಲ್ಲ ಹೆಂಗಸರ ಬಂಡಿಗಳಲ್ಲಿ ನಮ್ಮೊಂದಿಗೆ ಹಿಂದೆ ಇದ್ದವು. ಖದ್ನೆಯೂ ನಮ್ಮ ಜೊತೆಗಿದ್ದಳು.

ಭಾವ ಸೀಳಿನ ಆಚೆ ಅಂಚು ಮುಟ್ಟಿ ಕೈ ಎತ್ತಿದ. ಇಲ್ಕೊ ಉಳಿದ ಮಂದೆಯನ್ನು ಅಟ್ಟತೊಡಗಿದ. ಆಗ ನನ್ನ ಅಂಗಾಲಿಗೆ ಏನೋ ತಾಗಿದಂತಾಯಿತು. ಸದ್ದಲ್ಲ, ನಡುಕ. ಒಲೆಯ ಮೇಲೆ ನೀರು ಕುದಿಯುವ ಮೊದಲು ಪಾತ್ರೆ ಅದುರುವಂತೆ ಮಂಜು ಅದುರುತ್ತಿತ್ತು. ಸಾರಂಗಗಳು ನಿಂತುಬಿಟ್ಟವು. ಎಲ್ಲವೂ ಒಂದೇ ಕಡೆ, ಉತ್ತರಕ್ಕೆ ಕಿವಿ ತಿರುಗಿಸಿದವು.

ಉತ್ತರದಲ್ಲಿ ದೀಪಗಳಿದ್ದವು.

ಖದ್ನೆ ಜೊತೆಗೆ ತಂದಿದ್ದ ಕೈ ವೈರ್‌ಲೆಸ್ ತೆಗೆದು ಬಂದರನ್ನು ಕೂಗಿದಳು. ಆ ಕಡೆಯ ಗಂಡಸಿನ ದನಿ ನನಗೂ ಕೇಳಿಸಿತು. ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ, ಅದು ಮುಟ್ಟುವ ಮೊದಲೇ ಹಡಗು ಕೊಲ್ಲಿಯೊಳಗೆ ಬಂದುಬಿಟ್ಟಿದೆ.

"ನಿಲ್ಲಿಸ್ರಿ, ನಮ್ಮ ಮಂದೆ ಮಂಜಿನ ಮೇಲಿದೆ," ಎಂದಳು ಖದ್ನೆ.

"ಅದು ಈಗ ನಿಂತರೂ ನಿಮ್ಮನ್ನ ದಾಟಿಯೇ ನಿಲ್ಲೋದು. ದೂರ ಹೋಗಿ ಖದ್ನೆ. ಬೇಗ ಹೋಗಿ."

ಇಲ್ಕೊ ಹಗ್ಗ ಬೀಸಿ ಮುಂದಿನವನ್ನು ಹಿಂದಕ್ಕೆ ತಿರುಗಿಸಿದ. ನಡುವೆ ಇದ್ದ ಕೆಲವು ತಿರುಗಲಿಲ್ಲ. ಸೀಳಿನ ಮೇಲೆಯೇ ದಿಕ್ಕುಗೆಟ್ಟು ಸುತ್ತತೊಡಗಿದವು. ಹಡಗು ಒಂದು ಸಲ ಉದ್ದಕ್ಕೆ ಕೂಗಿತು. ಊರೇ ನಡೆದು ಬಂದ ಹಾಗಿತ್ತು, ಸಾಲು ಸಾಲು ಕಿಟಕಿ, ಒಳಗೆಲ್ಲ ಹಳದಿ ಬೆಳಕು. ಮಂಜು ಸಿಡಿದು ಎದ್ದು ನಿಂತು ಮಗುಚಿಕೊಂಡಿತು. ಸುತ್ತುತ್ತಿದ್ದ ಸಾರಂಗಗಳು ಇದ್ದವು, ಆಮೇಲೆ ಇರಲಿಲ್ಲ. ಹಡಗಿನ ಮೇಲೆ ಕಟಕಟೆ ಹಿಡಿದು ನಿಂತಿದ್ದ ಒಬ್ಬ, ಫೋನು ಹಿಡಿದು ಚಿತ್ರ ತೆಗೆಯುತ್ತಿದ್ದ. ನಮ್ಮನ್ನು ಕಂಡು ಕೈ ಬೀಸಿದ.

ಅದು ಹೋದ ಮೇಲೆ ನಮ್ಮ ಮತ್ತು ಭಾವನ ನಡುವೆ ಕಪ್ಪು ನೀರು ಉಳಿಯಿತು. ನೀರಿನಿಂದ ಹಬೆ ಏಳುತ್ತಿತ್ತು. ಕೂಗಿದರೆ ಕೇಳುವಷ್ಟೇ ದೂರ.

"ಖದ್ನೆಯ ಅಪ್ಪ," ಎಂದು ಅಕ್ಕ ಕೂಗಿದಳು. "ನೆಟ್ಟಗಿದೀಯಾ?"

"ಇದೀನಿ. ನೀವು?"

"ಎಲ್ಲಾ ಇದೀವಿ. ಹೆಪ್ಪುಗಟ್ಟೋವರೆಗೂ ಇಲ್ಲೇ ಕೂತಿರ್ತೀನಿ. ನೀನೂ ಅಲ್ಲೇ ಇರು."

"ಇದರ ಹಿಂದೆ ಇನ್ನೊಂದು ಹಡಗು ಇದೆಯಾ ಕೇಳೇ ಮಗಳನ್ನ."

ಖದ್ನೆ ತಲೆ ತಗ್ಗಿಸಿದಳು. "ಎರಡಿದೆ," ಎಂದಳು, ಅಮ್ಮನಿಗೆ ಮಾತ್ರ ಕೇಳುವಂತೆ. ಅಕ್ಕ ಅದನ್ನು ಕೂಗಿ ಹೇಳಲಿಲ್ಲ. ಆದರೂ ಭಾವನಿಗೆ ತಿಳಿದುಹೋಯಿತು.

"ಹಾಗಾದ್ರೆ ನಾನು ಹೊರಡ್ತೀನಿ. ಗಾಳಿ ಬರೋ ಮುಂಚೆ ಕಾಡು ಸೇರಬೇಕು."

"ನಿನ್ನ ಗುಡಾರ ಇಲ್ಲಿದೆಯಲ್ಲೋ. ಎಲ್ಲಿ ಮಲಗ್ತೀಯ?"

"ಸಾರಂಗದ ನಡುವೆ. ಅವು ನಿನ್ನಷ್ಟು ಗೊರಕೆ ಹೊಡೆಯಲ್ಲ."

ಅಕ್ಕ ನಗಲು ನೋಡಿದಳು. ಆಗಲಿಲ್ಲ. ಅವನ ಬಂಡಿ ಕತ್ತಲಲ್ಲಿ ಕರಗುವ ತನಕ ನಿಂತಿದ್ದಳು. ಆಮೇಲೆ ಉತ್ತರದಲ್ಲಿ ಮತ್ತೆ ದೀಪ ಕಂಡಿತು. ನಾವು ಪಶ್ಚಿಮದ ದಡಕ್ಕೆ ಹಿಂದಿರುಗಿದೆವು.

ಅಂದೇ ಬಿರುಗಾಳಿ ಹಿಡಿಯಿತು. ಗುಡಾರದ ಗಳಗಳು ನರಳುತ್ತಿದ್ದವು. ಖದ್ನೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು: "ಹಡಗಿನ ಪಟ್ಟಿ ಹಾಗೇ ಇತ್ತಮ್ಮ. ನಾನು ಸರಿಯಾಗೇ ಓದಿದ್ದೆ." ಅಕ್ಕ ಅವಳ ಜಡೆ ಬಿಚ್ಚಿ ಬಾಚಿ ಮತ್ತೆ ಹೆಣೆದಳು.

ಗಾಳಿ ನಿಂತಾಗ ಆಚೆ ದಡದ ಯೌಂಗಾದ್ ಮನೆತನದವರು ತಮ್ಮ ಮಂದೆ ಹುಡುಕುತ್ತ ಹೋಗಿ, ನಮ್ಮ ಗುರುತಿನ ಸಾರಂಗಗಳನ್ನು ಕಂಡರು. ಅವುಗಳ ನಡುವೆ ಹಿಮದಡಿ ನಾಯಿಯನ್ನು ಅಪ್ಪಿಕೊಂಡು ಭಾವ ಮಲಗಿದ್ದ. ಉಸಿರಿತ್ತು. ಹೆಲಿಕಾಪ್ಟರ್ ಬಂದು ಆಸ್ಪತ್ರೆಗೆ ಒಯ್ದಿತು. ಹೆಪ್ಪುಗಟ್ಟಿದ್ದ ಎರಡೂ ಪಾದಗಳನ್ನು ಕತ್ತರಿಸಿದರು.

ನಮ್ಮ ದಡದಲ್ಲಿ ಉಳಿದ ಮಂದೆ ಗಾಜಿನಂಥ ನೆಲ ಕೆರೆದು ಕೆರೆದು ಸೋತಿತು. ಬೆಳಿಗ್ಗೆ ಎದ್ದು ನೋಡಿದರೆ ನಿಂತಲ್ಲೇ ಮಂಡಿಯೂರಿ ಸತ್ತಿರುತ್ತಿದ್ದವು. ಕಣ್ಣು ತೆರೆದೇ ಇರುತ್ತಿದ್ದವು. ಬದುಕಿದ ಕೆಲವು ಬಂದರಿನ ಕೊಳವೆಗಳ ಬೆಚ್ಚನೆಯ ನೆಲಕ್ಕೆ ತಾವಾಗಿಯೇ ನಡೆದುಹೋದವು. ಅಲ್ಲಿಂದ ಅವನ್ನು ಇಲ್ಕೊ ಎಷ್ಟು ಎಳೆದರೂ ಬರಲಿಲ್ಲ.

ಭಾವನಿಗೂ ಅಕ್ಕನಿಗೂ ಸರ್ಕಾರದವರು ಹಳ್ಳಿಯಲ್ಲಿ ಮೂರನೇ ಮಹಡಿಯ ಮನೆ ಕೊಟ್ಟರು. ಒಮ್ಮೆ ನೋಡಲು ಹೋದೆ. ಭಾವ ಹಾಸಿಗೆ ಬಿಟ್ಟು ನೆಲದ ಮೇಲೆ ತೊಗಲು ಹಾಸಿಕೊಂಡು ಕೂತಿದ್ದ.

"ಹೇಗಿದೀರ ಅಕ್ಕ?" ಎಂದೆ.

"ಬಿಸಿನೀರು ಬರುತ್ತೆ ಏದೇನೆ," ಎಂದಳು. "ಗೋಡೆಯಾಚೆ ಯಾರೋ ಓಡಾಡ್ತಾರೆ. ಯಾರು ಅಂತ ಇನ್ನೂ ಗೊತ್ತಾಗಿಲ್ಲ." ಭಾವನ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಭಾವ ನಿದ್ದೇಲಿ ಎದ್ದು ಕೂತ್ಕೋತಾರೆ. ನೆಲ ನಡುಗ್ತಿದೆ ಅಂತಾರೆ. ನಾನೂ ಕೈಯಿಟ್ಟು ನೋಡಿದೆ. ನಿಜವಾಗ್ಲೂ ನಡುಗುತ್ತೆ ಕಣೇ."

ಇಲ್ಕೊ ಮತ್ತು ನಾನು ಸುತ್ತುಬಳಸಿ ದಕ್ಷಿಣದಿಂದ ಆಚೆ ದಡ ಸೇರಿ ಯೌಂಗಾದರ ಜೊತೆ ಉಳಿದೆವು. ಮತ್ತೆ ಕೊಲ್ಲಿ ದಾಟಲಿಲ್ಲ. ಪಶ್ಚಿಮದ ದಡದಲ್ಲಿ ಈಗ ಒಂದು ಗುಡಾರದ ಹೊಗೆಯೂ ಕಾಣುವುದಿಲ್ಲ. ಗ್ಯಾಸಿನ ಉರಿಗಳು ಮಾತ್ರ ಆಕಾಶದ ಅಂಚನ್ನು ಕೆಂಪಗಿಟ್ಟಿರುತ್ತವೆ.

ಕಳೆದ ವಸಂತದಲ್ಲಿ ನಮ್ಮ ಈ ದಡಕ್ಕೂ ಗ್ಯಾಸಿನ ಕಂಪನಿಯ ಮೂವರು ಬಂದಿದ್ದರು. ಒಳ್ಳೆಯ ಜನ. ಚಹಾ ಕುಡಿದರು, ನಮ್ಮ ನಾಯಿಗಳಿಗೆ ಸಾಸೇಜು ಹಾಕಿದರು. ಹಿಮದಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ಒಂದೇ ಸಾಲಿನಲ್ಲಿ ಹೊಡೆಯುತ್ತ ನಡೆದರು.

"ಇದೇನು?" ಎಂದು ಇಲ್ಕೊ ಕೇಳಿದ.

"ಏನಿಲ್ಲಪ್ಪ, ಸುಮ್ಮನೆ ಅಳತೆ."

ಅವರು ಹೋದ ಮೇಲೂ ಬಟ್ಟೆಗಳು ಗಾಳಿಗೆ ಪಟಪಟಿಸುತ್ತಿವೆ. ಆ ಸಾಲಿನಾಚೆ ಒಳ್ಳೆಯ ಮೇವಿದೆ. ಮಂದೆ ಅದರ ಹತ್ತಿರದವರೆಗೆ ಹೋಗುತ್ತದೆ, ನಿಲ್ಲುತ್ತದೆ, ಹಿಂದಿರುಗುತ್ತದೆ.