ಅಪ್ಪನ ನೀರಿನ ಕೈ

ನೀರು ಹಾಕುವುದನ್ನು ಮರೆತು ಗಿಡ ಕೊಂದವರನ್ನು ನಾನು ಕ್ಷಮಿಸಬಲ್ಲೆ. ಪ್ರೀತಿಯಿಂದ ನೀರು ಹಾಕಿ ಹಾಕಿ ಕೊಳೆಸುವವರನ್ನು ಏನು ಮಾಡುವುದು? ಬೈಯಲು ಬಾಯಿ ಬಾರದು, ಸುಮ್ಮನಿದ್ದರೆ ಗಿಡ ಉಳಿಯದು. ಅದರಲ್ಲೂ ಹಾಗೆ ಮಾಡುವವರು ಸ್ವಂತ ಅಪ್ಪನೇ ಆಗಿಬಿಟ್ಟರೆ ಮುಗಿಯಿತು ಕಥೆ.

ಸಸ್ಯೋದ್ಯಾನದಲ್ಲಿ ಒಣಮನೆ ನನ್ನ ಪಾಲಿನದು. ಬಂಡೆ, ಬೆಟ್ಟ, ಮರಳುಗಾಡಿನ ಗಿಡಗಳಿಗೆಂದೇ ಕಟ್ಟಿದ ಗಾಜಿನ ಮನೆ ಅದು. ಅಲ್ಲಿ ಪುದೀನ, ತುಳಸಿಗಳ ಕುಲಕ್ಕೆ ಸೇರಿದ ಒಂದು ಪೊದೆ ಇದೆ. ಎತ್ತರದ ಬೆಟ್ಟವೊಂದರ ಬಂಡೆಯ ಬಿರುಕುಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಜಾತಿ. ಆ ಬಂಡೆಯನ್ನೇ ಗಣಿಯವರು ಒಡೆದು ಸಾಗಿಸಿದರು. ಚೌಕನೆಯ ಕಾಂಡ, ಒಳಗೆ ನೀರು ಕೂಡಿಟ್ಟುಕೊಂಡ ದಪ್ಪ ಎಲೆ. ಹಿಸುಕಿದರೆ ನೆಗಡಿಯ ಮುಲಾಮಿನ ಡಬ್ಬಿ ತೆರೆದಂಥ ಘಾಟು. ಎಲೆಯಲ್ಲೇ ನೀರಿರುವಾಗ ಬೇರಿಗೂ ಸುರಿದರೆ ಬುಡ ಕರಗಿಹೋಗುತ್ತದೆ. ಅದಕ್ಕೇ ನಾವು ಅದನ್ನು ಮುಂಗೋಪಿ ಎಂದು ಕರೆಯುವುದು. ಈ ಸಲ ಅದು ಹೂ ಬಿಟ್ಟು ಬೀಜ ಕೊಟ್ಟರೆ ಜಾತಿ ಉಳಿಯಿತು, ಇಲ್ಲದಿದ್ದರೆ ಎಳ್ಳುನೀರು ಬಿಟ್ಟಂತೆ.

ಅಪ್ಪ ಇದೇ ಉದ್ಯಾನದ ಜರಿಗಿಡಗಳ ಮನೆಯಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಜರಿಗಿಡಕ್ಕೆ ಎಷ್ಟು ನೀರು ಕೊಟ್ಟರೂ ಇನ್ನಷ್ಟು ಬೇಕು. ಹಾಗಾಗಿ ಒಣ ಮಣ್ಣು ಕಂಡರೆ ಅಪ್ಪನ ಕೈ ಸುಮ್ಮನಿರುವುದಿಲ್ಲ. ಸಹೋದ್ಯೋಗಿಗಳು ಅವರಿಗೆ ನೀರಪ್ಪ ಎಂದೇ ಹೆಸರಿಟ್ಟಿದ್ದರು. ಅವರು ನಿವೃತ್ತರಾದ ಮೇಲೆ ಆ ಮನೆಯನ್ನು ಕೆಡವಿ ಕ್ಯಾಂಟೀನ್ ಕಟ್ಟಿದರು. ಕೆಡವಿದ ಮಾರನೆಯ ಬೆಳಗ್ಗೆ ಅಪ್ಪ ತಮ್ಮ ತಗಡಿನ ಕ್ಯಾನ್ ಹಿಡಿದು ನೇರವಾಗಿ ನನ್ನ ಒಣಮನೆಗೆ ಬಂದರು.

ಹೇಳಿ ನೋಡಿದೆ, ಬೇಡಿಕೊಂಡೆ, ಕೂಗಾಡಿದೆ. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತೇನೋ. ಸರಿ ಸರಿ ಎಂದು ತಲೆಯಾಡಿಸುವುದು, ನಾನು ಆ ಕಡೆ ತಿರುಗಿದ ಕೂಡಲೇ ಸುರಿಯುವುದು. ಮುಂಗೋಪಿಯ ಟೊಂಗೆ ಕತ್ತರಿಸಿ ಬೇರು ಬರಿಸಿದ್ದ ಎರಡು ಮರಿಗಳೂ ಕೊಳೆತು ನಾರಿದವು.

"ಒಂದೇ ಒಂದು ಲೋಟ ಹಾಕ್ದೆ ಪುಟ್ಟಿ. ಪಾಪ, ಬಾಯಾರಿತ್ತು ಅದಕ್ಕೆ" ಎಂದರು ಅಪ್ಪ. ನನಗೆ ಪಿತ್ತ ನೆತ್ತಿಗೇರಿತು.

ಉಳಿದಿದ್ದು ತಾಯಿಗಿಡವೊಂದೇ. ನಿರ್ದೇಶಕಿ ನನ್ನನ್ನು ಕರೆಸಿ, ಆ ಗಿಡಕ್ಕೇನಾದರೂ ಆದರೆ ಸಿಬ್ಬಂದಿಯಲ್ಲದವರು ಯಾರೂ ಗಾಜಿನ ಮನೆಗಳ ಹೊಸ್ತಿಲು ತುಳಿಯುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ಯಾರನ್ನು ಕುರಿತ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಅಪ್ಪನಿಗೆ ಬರಬೇಡಿ ಎಂದರೆ ಅವರು ಬೆಳಗ್ಗೆ ಎದ್ದು ಹೋಗುವುದೆಲ್ಲಿಗೆ? ಬನ್ನಿ ಎಂದರೆ ಬೆಟ್ಟದ ಕೊನೆಯ ಗಿಡ ಹೋಗುವುದೆಲ್ಲಿಗೆ? ಗಂಟಲಲ್ಲಿ ಬಿಸಿತುಪ್ಪ ಸಿಕ್ಕಿಕೊಂಡಂತಾಯಿತು.

ಕೊನೆಗೆ ಒಂದು ಕಳ್ಳಾಟ ಹೂಡಿದೆ. ಮುಂಗೋಪಿಯನ್ನು ಬೇರೆ ಕುಂಡಕ್ಕೆ ಬದಲಿಸಿ, ಮೇಲಿನ ಹಲಗೆಯಲ್ಲಿ ಕಳ್ಳಿಗಳ ಹಿಂದೆ ಅಡಗಿಸಿಟ್ಟೆ. ಅದರ ಹಳೆಯ ಕುಂಡದಲ್ಲಿ ನಮ್ಮ ಹಿತ್ತಿಲ ದೊಡ್ಡಪತ್ರೆ ನೆಟ್ಟೆ. ಅದೂ ಅದೇ ಕುಲದ್ದು, ಅದರ ಎಲೆಯೂ ದಪ್ಪ. ಕನ್ನಡಕ ಜೇಬಿನಲ್ಲಿಟ್ಟುಕೊಂಡು ಓಡಾಡುವ ಅಪ್ಪನಿಗೆ ಇಷ್ಟು ಸಾಕು ಅಂದುಕೊಂಡೆ.

ಸಾಕಾಯಿತು. ಅಪ್ಪ ಧಾರಾಳವಾಗಿ ಸುರಿದರು. ಆದರೆ ದೊಡ್ಡಪತ್ರೆಯೂ ಎಷ್ಟೆಂದು ಕುಡಿದೀತು? ಅದೂ ಬುಡ ಕೊಳೆತು ವಾಲಿತು. ನಾನು ಹಿತ್ತಿಲಿಂದ ಇನ್ನೊಂದನ್ನು ಕಿತ್ತು, ಕೈಚೀಲದಲ್ಲಿ ಊಟದ ಡಬ್ಬಿಯ ಕೆಳಗೆ ಬಚ್ಚಿಟ್ಟು ತಂದು, ಅಪ್ಪ ಬರುವ ಮೊದಲೇ ನೆಟ್ಟೆ. ಅದು ಸತ್ತಾಗ ಮತ್ತೊಂದು. ನನ್ನ ಚೀಲ, ಊಟ, ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲ ದೊಡ್ಡಪತ್ರೆಮಯ. ಇತ್ತ ಅಪ್ಪ, "ನೋಡು, ನೀರು ಹಾಕಿದ್ರೆ ಸಾಯುತ್ತೆ ಅಂತಿದ್ದೆ. ಹೇಗೆ ನಳನಳಿಸ್ತಿದೆ" ಎಂದು ನನ್ನನ್ನೇ ಚುಚ್ಚುತ್ತಿದ್ದರು. ನೋಡಲು ಬಂದವರಿಗೂ ಅದನ್ನೇ ಹೇಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಮಣ್ಣು ಕೆದಕುತ್ತಿದ್ದೆ.

ಅಷ್ಟರಲ್ಲಿ ಮೇಲಿನ ಹಲಗೆಯಲ್ಲಿ ಮುಂಗೋಪಿ ಮೊಗ್ಗು ಬಿಟ್ಟಿತು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನೇರಳೆ ಬಣ್ಣದ ಮೊದಲ ಹೂಗಳು ಅರಳಿದಾಗ ಕುಣಿಯುವಷ್ಟು ಖುಷಿಯಾಯಿತು. ಆ ಹೂವಿನ ಬೆಲೆ ನನ್ನಷ್ಟೇ ತಿಳಿದಿದ್ದವರು ಅಪ್ಪ ಒಬ್ಬರೇ, ಅವರಿಗೇ ಹೇಳುವಂತಿರಲಿಲ್ಲ. ಖುಷಿಯೂ ಒಂದು ಕಿರಿಕಿರಿಯಾಯಿತು.

ಮರುದಿನ ಬಸ್ಸು ತಡವಾಯಿತು. ಓಡೋಡಿ ಬಂದು ನೋಡಿದರೆ ಅಪ್ಪ ಕಳ್ಳಿಗಳ ಹಲಗೆಯ ಮುಂದೆ ಸ್ಟೂಲಿನ ಮೇಲೆ ನಿಂತಿದ್ದರು. ಕ್ಯಾನ್ ಎಲ್ಲಿ ಎಂದು ಹುಡುಕಿದೆ. ಅದು ಬಾಗಿಲಾಚೆ ಇತ್ತು. ಅಪ್ಪನ ಎರಡೂ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

"ಹೂ ಬಿಟ್ಟಿದೆ ಪುಟ್ಟಿ" ಎಂದರು, ತಿರುಗದೆಯೇ.

ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಮೊದಲ ದಿನವೇ ಎಂದರು. ಎಲೆ ಹಿಸುಕಿ ಮೂಸಿದರಂತೆ. ನಾನು ಗಿಡ ಬದಲಿಸಿದ್ದೂ ಪ್ರತಿ ಸಲವೂ ಗೊತ್ತಾಗುತ್ತಿತ್ತಂತೆ. ಒಮ್ಮೆ ನೆಟ್ಟದ್ದರಲ್ಲಿ ಹುಳ ತಿಂದ ಎಲೆಯಿತ್ತು, ನೋಡಿ ತರಬಾರದಿತ್ತೇ ಎಂದು ನನಗೇ ಬುದ್ಧಿ ಹೇಳಿದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಗೊತ್ತಿದ್ದೂ ಯಾಕೆ ನೀರು ಹಾಕ್ತಾ ಇದ್ರಿ ಅಪ್ಪ? ನಾನು ದಿನಾ ಹೊತ್ಕೊಂಡು ಸಾಯ್ತಿದ್ದೆನಲ್ಲ."

ಅಪ್ಪ ನಿಧಾನವಾಗಿ ಸ್ಟೂಲಿನಿಂದ ಇಳಿದರು.

"ನೀನು ಹೊಸದು ತಂದಿಡ್ತಾ ಇದ್ದೆಯಲ್ಲ. ಬೆಳಗ್ಗೆ ಬಂದಾಗ ಅಲ್ಲೊಂದು ಗಿಡ ಇದ್ರೆ, ಸರಿ, ಇವತ್ತೂ ನಾನು ಬರಬಹುದು ಅಂದ್ಕೊಳ್ತಿದ್ದೆ. ಕುಂಡ ಖಾಲಿ ಇದ್ದಿದ್ರೆ ಹಾಗೇ ವಾಪಸ್ ಹೋಗ್ತಿದ್ದೆ."

ನನಗೆ ಅಳು ಬಂತು, ಅಳುವಿನ ಜೊತೆಗೇ ಕೆಟ್ಟ ಸಿಟ್ಟೂ ಬಂತು. ಬಾಯಿಬಿಟ್ಟು ಹೇಳಿದ್ದರೆ ಹಿತ್ತಿಲ ದೊಡ್ಡಪತ್ರೆಯಾದರೂ ಉಳಿಯುತ್ತಿತ್ತಲ್ಲ! ಹೋಗಿ ಪರಾಗ ಮುಟ್ಟಿಸುವ ಸಣ್ಣ ಕುಂಚ ತಂದೆ. ಅಪ್ಪ ಕೈ ಬೆನ್ನ ಹಿಂದಿನಿಂದ ತೆಗೆಯಲಿಲ್ಲ. ನಾನು ಹೂವಿಂದ ಹೂವಿಗೆ ಕುಂಚ ಆಡಿಸುವುದನ್ನು ಕತ್ತು ಚಾಚಿ ನೋಡಿದರು.

"ಬೀಜ ಮೊಳೆಯೋವಾಗ ನೀರು ಬೇಕಲ್ವಾ ಇದಕ್ಕೆ?" ಎಂದು ಮೆಲ್ಲಗೆ ಕೇಳಿದರು.

"ಬೇಕು. ನೀವೇ ಹಾಕಿ."

ಅಪ್ಪ ಬಾಗಿಲಾಚೆಯ ಕ್ಯಾನಿನತ್ತ ನೋಡಿದರು, ಆಮೇಲೆ ನನ್ನತ್ತ ನೋಡಿದರು.

"ಎಷ್ಟು?" ಎಂದರು.

ಅವರು ಈ ಪ್ರಶ್ನೆಯನ್ನು ಯಾರನ್ನಾದರೂ ಕೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.